ಹುಣ್ಣಿಮೆಗೆ ತಿರುಗಿದ ಮೀನು

ಎಂ.ಎ. ಮುಗಿಸಿ ಒಂದು ವರ್ಷವಾಗಿತ್ತು. ಎಫ್‌ಡಿಎ, ಪಿಡಿಒ ಅಂತ ಬಂದ ಅರ್ಜಿಗಳನ್ನೆಲ್ಲ ತುಂಬುತ್ತಿದ್ದೆ. ಒಂದು ಸಂಜೆ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ 'ಇನ್ನೂ ಓದಲಾಗದ ಲಿಪಿಗಳು' ಎಂಬ ಸಾಲು ಕಣ್ಣಿಗೆ ಬಿತ್ತು. ಸಿಂಧೂ ಲಿಪಿ, ಲೀನಿಯರ್ ಎ, ರೊಂಗೊರೊಂಗೊ. ಮೊದಲೆರಡನ್ನು ಕೇಳಿದ್ದೆ, ಮೂರನೆಯದರ ಹೆಸರಿಗೆ ನಗು ಬಂತು. ಮೊಬೈಲ್‌ನಲ್ಲಿ ಚಿತ್ರ ಹುಡುಕಿದೆ. ಆ ರಾತ್ರಿ ಓದಬೇಕಿದ್ದ ಪಂಚಾಯತ್ ರಾಜ್ ಕಾಯ್ದೆ ಹಾಗೇ ಉಳಿಯಿತು.

ರೊಂಗೊರೊಂಗೊ ಈಸ್ಟರ್ ದ್ವೀಪದ ಬರಹ. ಅಲ್ಲಿನವರು ತಮ್ಮ ನೆಲವನ್ನು ರಾಪಾ ನೂಯಿ ಎನ್ನುತ್ತಾರೆ. ದೊಡ್ಡ ಕಲ್ಲಿನ ಮುಖಗಳಿಂದ ನಮಗೆಲ್ಲ ಪರಿಚಿತವಾದ, ಪೆಸಿಫಿಕ್ ಸಾಗರದ ನಡುವಿನ ಪುಟ್ಟ ದ್ವೀಪ ಅದು. ಹಕ್ಕಿ, ಮೀನು, ಮನುಷ್ಯ, ಅರ್ಧಚಂದ್ರನಂಥ ಚಿಹ್ನೆಗಳನ್ನು ಮರದ ಹಲಗೆಯ ಮೇಲೆ ಸಾಲಾಗಿ ಕೊರೆದಿದ್ದಾರೆ. ಕೆಳಗಿನ ಸಾಲಿನ ಎಡತುದಿಯಿಂದ ಶುರುಮಾಡಬೇಕು. ಸಾಲು ಮುಗಿದಾಗ ಹಲಗೆಯನ್ನೇ ತಲೆಕೆಳಗು ಮಾಡಿ ಮೇಲಿನ ಸಾಲಿಗೆ ಹೋಗಬೇಕು. ಜಗತ್ತಿನಲ್ಲಿ ಇಂಥ ಸುಮಾರು ಎರಡು ಡಜನ್ ವಸ್ತುಗಳಷ್ಟೇ ಉಳಿದಿವೆ. ಒಂದೂ ಆ ದ್ವೀಪದಲ್ಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು 'ಮಾಮರಿ' ಎಂಬ ಹಲಗೆ. ಈಗ ರೋಮ್‌ನಲ್ಲಿದೆ. ಎರಡೂ ಮಗ್ಗುಲು ಸೇರಿ ಸಾವಿರದಷ್ಟು ಚಿಹ್ನೆಗಳಿವೆ. ಅವುಗಳಲ್ಲಿ ಎರಡು ಸಾಲಿಗಿಂತ ಸ್ವಲ್ಪ ಹೆಚ್ಚಿನ ಭಾಗ ಚಾಂದ್ರ ಕ್ಯಾಲೆಂಡರ್ ಎಂದು ಜರ್ಮನ್ ವಿದ್ವಾಂಸ ಥಾಮಸ್ ಬಾರ್ಟೆಲ್ 1958ರಲ್ಲಿ ಪ್ರಕಟಿಸಿದ ತಮ್ಮ ಕೃತಿಯಲ್ಲಿ ತೋರಿಸಿದರು. ಇಡೀ ರೊಂಗೊರೊಂಗೊದಲ್ಲಿ 'ಇದು ಇಂಥದ್ದರ ಬಗ್ಗೆ' ಎಂದು ವಿದ್ವಾಂಸರು ಹೆಚ್ಚುಕಡಿಮೆ ಒಪ್ಪಿರುವುದು ಇದೊಂದೇ ಭಾಗವನ್ನು. ಆದರೂ ಅದನ್ನು ಅಕ್ಷರಶಃ ಓದಲು ಯಾರಿಗೂ ಆಗಿಲ್ಲ.

ನಾನು ಆ ಸಾಲುಗಳನ್ನು ನೋಟ್‌ಬುಕ್ಕಿಗೆ ಪೆನ್ಸಿಲ್‌ನಲ್ಲಿ ಇಳಿಸಿಕೊಂಡೆ. ಅರ್ಧಚಂದ್ರಗಳ ಸಾಲು, ನಡುನಡುವೆ ಎಂಟು ಕಡೆ ಮತ್ತೆ ಮತ್ತೆ ಬರುವ ಒಂದೇ ಬಗೆಯ ಗುಂಪು. ಪ್ರತಿ ಗುಂಪಿನ ಕೊನೆಗೆ ದಾರಕ್ಕೆ ಕಟ್ಟಿದಂತಿರುವ ಮೀನು. ಹುಣ್ಣಿಮೆಗೆ ಮುಂಚಿನ ನಾಲ್ಕೂ ಕಡೆ ಮೀನಿನ ತಲೆ ಮೇಲೆ, ಹುಣ್ಣಿಮೆಯ ನಂತರದ ನಾಲ್ಕೂ ಕಡೆ ತಲೆ ಕೆಳಗೆ!

ನಾನು ಹೊನ್ನಾವರದ ಹತ್ತಿರದ ಕಡಲಂಚಿನ ಊರಿನವಳು. ಅಪ್ಪ ದೋಣಿಗೆ ಹೋಗುವವರು. ಮೀನು, ಚಂದ್ರ, ಮೇಲೆ, ಕೆಳಗೆ... ನನಗೆ ತಕ್ಷಣ ಹೊಳೆದದ್ದು ಉಬ್ಬರವಿಳಿತ. ತಲೆ ಮೇಲಾದರೆ ಉಬ್ಬರ, ಕೆಳಗಾದರೆ ಇಳಿತ. ದೊಡ್ಡ ದೊಡ್ಡ ವಿದ್ವಾಂಸರಿಗೆ ಕಾಣದ್ದು ಮೀನುಗಾರನ ಮಗಳಿಗೆ ಕಂಡಿತಲ್ಲ ಎಂದು ಎದೆಯುಬ್ಬಿತು. ಅದೇ ವಾರ ಒಂದು ಫೆಲೋಶಿಪ್‌ಗೆ ಸಂಶೋಧನಾ ಪ್ರಸ್ತಾವ ಕಳಿಸಬೇಕಿತ್ತು. ಹನ್ನೆರಡು ಪುಟ ಬರೆದೆ. ಶೀರ್ಷಿಕೆಯಲ್ಲೇ 'ಉಬ್ಬರವಿಳಿತ' ಇತ್ತು.

ಕಳಿಸುವ ಹಿಂದಿನ ರಾತ್ರಿ ಬಲೆ ಹೊಲಿಯುತ್ತ ಕೂತಿದ್ದ ಅಪ್ಪನಿಗೆ ಹೆಮ್ಮೆಯಿಂದ ನೋಟ್‌ಬುಕ್ ತೋರಿಸಿದೆ. ಅಪ್ಪ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಚಿತ್ರವನ್ನು ದೀಪಕ್ಕೆ ಹಿಡಿದು ಸುಮಾರು ಹೊತ್ತು ನೋಡಿದರು.

"ಮಗಾ, ಅಮಾಸೆಗೂ ನೀರು ದೊಡ್ಡದು, ಹುಣ್ಣಿಮೆಗೂ ದೊಡ್ಡದು. ಮಧ್ಯ ಅಷ್ಟಮಿ ಹೊತ್ತಿಗೆ ಎರಡು ಸಲವೂ ಸಣ್ಣ ಆಗ್ತದೆ. ನೀರಿನ ಲೆಕ್ಕ ಆದ್ರೆ ನಿನ್ನ ಮೀನು ತಿಂಗಳಿಗೆ ನಾಲ್ಕು ಸಲ ತಿರುಗಬೇಕಲ್ಲ? ಇದು ಹುಣ್ಣಿಮೆಗೆ ಒಂದೇ ಸಲ ತಿರುಗಿದೆ."

ನಾನು ಏನೂ ಹೇಳಲಿಲ್ಲ. ಹೇಳಲು ಏನೂ ಇರಲಿಲ್ಲ. ಹನ್ನೆರಡು ಪುಟ ಬರೆದವಳಿಗೆ ಹುಟ್ಟಿದಾಗಿನಿಂದ ಕಂಡ ಸಮುದ್ರವೇ ಮರೆತುಹೋಗಿತ್ತು. ಒಂದೇ ಸಲ ತಿರುಗುವುದು ಚಂದ್ರನ ಬೆಳಕು. ಹುಣ್ಣಿಮೆವರೆಗೆ ಏರುತ್ತದೆ, ಆಮೇಲೆ ಇಳಿಯುತ್ತದೆ. ನಮ್ಮ ಶುಕ್ಲಪಕ್ಷ, ಕೃಷ್ಣಪಕ್ಷ. ವಿದ್ವಾಂಸರು ಹೇಳಿದ್ದೂ ಇಷ್ಟೇ.

ಆ ರಾತ್ರಿ ಮತ್ತೆ ಮೊದಲಿನಿಂದ ಓದಿದೆ, ಈ ಸಲ 'ಇವರಿಗೆ ಹೇಗೆ ಗೊತ್ತಾಯಿತು' ಎಂದು ಕೇಳಿಕೊಳ್ಳುತ್ತ. ರಾಪಾ ನೂಯಿಯ ಜನ ತಿಂಗಳ ಒಂದೊಂದು ರಾತ್ರಿಗೂ ಹೆಸರಿಟ್ಟಿದ್ದರು. 1886ರಲ್ಲಿ ದ್ವೀಪಕ್ಕೆ ಬಂದ ಅಮೆರಿಕದ ನೌಕಾಪಡೆಯ ವಿಲಿಯಂ ಥಾಮ್ಸನ್ ಆ ಹೆಸರುಗಳನ್ನು ಬರೆದುಕೊಂಡರು. ಆಮೇಲೆ ಬಂದವರೂ ಬರೆದುಕೊಂಡರು. ಆ ಪಟ್ಟಿಯಲ್ಲಿ ಹುಣ್ಣಿಮೆಗೆ ಮುಂಚೆ 'ಕೊಕೊರೆ' ಎಂಬ ಹೆಸರಿನ ಆರು ರಾತ್ರಿಗಳು, ಹುಣ್ಣಿಮೆಯ ನಂತರ ಐದು. ಕೊಕೊರೆ ಒಂದು, ಕೊಕೊರೆ ಎರಡು ಎಂದು ಎಣಿಕೆಯಲ್ಲೇ ಸಾಗುತ್ತವೆ. ನಮ್ಮ ಬಿದಿಗೆ, ತದಿಗೆ, ಚೌತಿ ಎರಡೂ ಪಕ್ಷದಲ್ಲಿ ಬರುತ್ತವಲ್ಲ, ಹಾಗೆ. ಹಲಗೆಯ ಮೇಲೂ ಹುಣ್ಣಿಮೆಯ ಎರಡು ಬದಿಗೆ ಬರೀ ಅರ್ಧಚಂದ್ರಗಳು ಹಾಗೇ ಸಾಲುಗಟ್ಟಿವೆ.

ಹುಣ್ಣಿಮೆ ಬರಬೇಕಾದ ಜಾಗದಲ್ಲಿ ಬೇರೆಯೇ ಒಂದು ಚಿಹ್ನೆಯಿದೆ. ಚಂದ್ರನೊಳಗೆ ಕೂತು ನೆಲದ ಒಲೆ ಹೊತ್ತಿಸುವ ಅಜ್ಜಿಯ ಕಥೆ ಆ ದ್ವೀಪದಲ್ಲಿದೆ. ನಮಗೆ ಮೊಲ ಕಂಡ ಕಡೆ ಅವರಿಗೆ ಅಜ್ಜಿ ಕಂಡಿದ್ದಾಳೆ. ಆ ಚಿಹ್ನೆ ಈ ಅಜ್ಜಿಯದೇ ಎಂದು ಓದುತ್ತಾರೆ. ಚಂದ್ರನ ಸುತ್ತು ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಹಾಗಾಗಿ ಇಪ್ಪತ್ತೆಂಟು ರಾತ್ರಿಗಳ ತಿಂಗಳಿಗೆ ಒಂದು ರಾತ್ರಿ ಸೇರಿಸಬೇಕೋ ಎರಡೋ ಎಂದು ತಿಳಿಸುವುದೇ ಈ ಬರಹದ ಉದ್ದೇಶ ಎಂದು 1990ರಲ್ಲಿ ಜಾಕ್ ಗೀ ವಾದಿಸಿದರು.

ಅಂದರೆ ಹೋಲಿಕೆಯೊಂದೇ ಆಧಾರವಲ್ಲ. ಹಲಗೆಯ ಹೊರಗೆ, ಜನರ ಬಾಯಿಂದ ಬಂದ ಪಟ್ಟಿಯಿತ್ತು. ಎಣಿಕೆ ಅದಕ್ಕೆ ಹೊಂದಿತು. ಕ್ರಮ ಹೊಂದಿತು. ನನ್ನ ಬಳಿ ಇದ್ದದ್ದು ಹೋಲಿಕೆ ಮಾತ್ರ. ಹೀಗೆ ಜಾರಿದವಳು ನಾನೊಬ್ಬಳೇ ಅಲ್ಲ. 1932ರಲ್ಲಿ ಗಿಯೋಮ್ ದ ಹೆವೆಶಿ ಎಂಬವರು ಸಿಂಧೂ ಲಿಪಿಯ ಮತ್ತು ರೊಂಗೊರೊಂಗೊದ ಚಿಹ್ನೆಗಳನ್ನು ಅಕ್ಕಪಕ್ಕ ಇಟ್ಟು, ಎರಡಕ್ಕೂ ಸಂಬಂಧವಿದೆ ಎಂದರು. ಪಟ್ಟಿ ನೋಡಿದರೆ ನಂಬಬೇಕು ಅನ್ನಿಸುತ್ತದೆ. ಆದರೆ ಎರಡರ ನಡುವೆ ಅರ್ಧ ಭೂಮಿ, ಸಾವಿರಾರು ವರ್ಷಗಳ ಅಂತರ. ವಿದ್ವಾಂಸರು ಒಪ್ಪಲಿಲ್ಲ.

ಬೆಳಿಗ್ಗೆ ಪ್ರಸ್ತಾವದ ಶೀರ್ಷಿಕೆ ಬದಲಿಸಿದೆ. ಮೀನಿನ ಪುಟಗಳನ್ನು ತೆಗೆದೆ. ಉಳಿದದ್ದು ಐದು ಪುಟ. ಸಂದರ್ಶನಕ್ಕೆ ಕರೆದರು, ಆಯ್ಕೆಯಾಗಲಿಲ್ಲ. ಆದರೆ "ನಿಮ್ಮ ವಾದ ತಪ್ಪು ಅಂತ ಯಾವುದರಿಂದ ಗೊತ್ತಾಗಬಹುದು?" ಎಂದು ಅಲ್ಲೊಬ್ಬರು ಕೇಳಿದಾಗ ನಾನು ತಡವರಿಸಲಿಲ್ಲ. ಆ ಪ್ರಶ್ನೆಯನ್ನು ನಮ್ಮ ಜಗಲಿಯ ಮೇಲೆ ಒಮ್ಮೆ ಎದುರಿಸಿ ಬಂದಿದ್ದೆ.

ಊರಿಗೆ ಮರಳಿದ ಸಂಜೆ ಅಪ್ಪ ಕೇಳಿದರು, "ಆ ಹಲಗೆ ಓದೋರು ಅಲ್ಲಿ ಯಾರೂ ಉಳಿಲೇ ಇಲ್ವ?"

ಉಳಿಯಲಿಲ್ಲ. 1862 ಮತ್ತು 63ರಲ್ಲಿ ಪೆರುವಿನಿಂದ ಬಂದ ಹಡಗುಗಳು ಸಾವಿರಕ್ಕೂ ಹೆಚ್ಚು ಜನರನ್ನು ದುಡಿಮೆಗೆಂದು ಹಿಡಿದೊಯ್ದವು. ಹಲಗೆ ಓದಬಲ್ಲವರೂ ಅವರಲ್ಲಿ ಸೇರಿದ್ದರು. ಬದುಕಿ ಮರಳಿದ ಕೆಲವರ ಜೊತೆ ಸಿಡುಬೂ ಬಂತು. 1864ರಲ್ಲಿ ಮಿಷನರಿ ಯೂಜೀನ್ ಐರೋ ಮನೆಮನೆಯಲ್ಲೂ ಇಂಥ ಹಲಗೆಗಳನ್ನು ಕಂಡಿದ್ದರು. 1877ರ ಹೊತ್ತಿಗೆ ದ್ವೀಪದಲ್ಲಿ ಉಳಿದ ಜನ 111. ಟಹೀಟಿಯ ಬಿಷಪ್ ಜೋಸಾಂ ಅವರು ಮೆಟೊರೊ ಎಂಬ ದ್ವೀಪದ ಕೂಲಿಯಾಳನ್ನು ಕೂರಿಸಿ ಹಲಗೆಗಳನ್ನು ಓದಿಸಲು ನೋಡಿದರು. ಅವನು ರಾಗವಾಗಿ ಹಾಡಿದ. ಆದರೆ ಹೆಚ್ಚಿನದೆಲ್ಲ 'ಇದು ಹಕ್ಕಿ, ಇದು ಮನುಷ್ಯ' ಎಂಬಂಥ ಕಂಡದ್ದರ ವರ್ಣನೆಯೇ ಆಗಿತ್ತು.

ಅಪ್ಪ ಬಲೆಯ ಗಂಟು ಬಿಗಿದು, "ಹಾಗಾದ್ರೆ ಕೇಳೋಕೆ ಹೋದದ್ದೇ ತಡವಾಯ್ತು" ಎಂದರು.

ಮರುದಿನ ಪೇಟೆಯಿಂದ ಇನ್ನೂರು ಪುಟದ ನೋಟ್‌ಬುಕ್ ತಂದೆ. ಯಾವ ತಿಥಿಗೆ ನೀರು ಹೇಗೆ, ಯಾವ ಗಾಳಿಗೆ ಏನು ಹೆಸರು, ಯಾವ ಮೀನು ಯಾವಾಗ ದಡಕ್ಕೆ ಬರುತ್ತದೆ ಎಂದು ದಿನವೂ ಸಂಜೆ ಕೇಳಿ ಬರೆಯುತ್ತಿದ್ದೇನೆ. "ಇದಕ್ಕೆ ಯಾವ ಪರೀಕ್ಷೆಲಿ ಮಾರ್ಕ್ಸ್ ಕೊಡ್ತಾರೆ?" ಎಂದು ಅಪ್ಪ ನಗುತ್ತಾರೆ. ಮೊನ್ನೆಗೆ ನಲವತ್ತೊಂದನೇ ಪುಟ ಮುಗಿಯಿತು. ಎಫ್‌ಡಿಎ ಫಲಿತಾಂಶ ಇನ್ನೂ ಬಂದಿಲ್ಲ.