ಕೊಟ್ಟಿಗೆಯಲ್ಲಿ ಹುಟ್ಟಿದ ಪ್ರಶ್ನೆ

ಹಲವು ವರ್ಷಗಳ ಹಿಂದಿನ ಮಾತು. ಔರಾದ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬಲಿಪೂಜೆ ಮುಗಿಸಿ ಹೊರಟಿದ್ದೆ. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಎದುರು ಬಂದು ನಿಂತಳು. ಅವರ ಮನೆಯ ದೇವಣಿ ಆಕಳು ಏಳು ತಿಂಗಳಿಗೇ ಕಂದು ಹಾಕಿತ್ತು. ಅದನ್ನು ಬರಿಗೈಯಲ್ಲಿ ಎತ್ತಿ ಹೂಳಿದ ಅಜ್ಜನಿಗೆ ಕೆಲವು ವಾರಗಳಲ್ಲಿ ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ಹತ್ತಿಕೊಂಡಿದ್ದವು. “ಫಾದರ್, ಆಕಳ ಬ್ಯಾನಿ ಮನುಷ್ಯಾರಿಗಿ ಬರ್ತದೇನ್ರಿ?” ಎಂದು ಕೇಳಿದಳು.

ಕಾರ್ಯಕಾರಣ ಸಂಬಂಧದ ಕುರಿತು ಅರಿಸ್ಟಾಟಲ್ ಹೇಳಿದ್ದನ್ನು ಗುರುಮಠದಲ್ಲಿ ಓದಿದ್ದೆ. ಆಕಳ ವಿಷಯ ತಿಳಿದಿರಲಿಲ್ಲ. ಡಾಕ್ಟರನ್ನು ಕೇಳು ಎಂದೆ. ಬೇಗ ಓದು ಮುಗಿಸಿ ಬಿ.ಎಡ್. ಮಾಡಿಕೋ ಎಂದೂ ಉಪದೇಶಿಸಿದೆ. ಅವಳು ಹಾಗೆಯೇ ಮಾಡಿದಳು, ಇಂದು ಒಳ್ಳೆಯ ಶಿಕ್ಷಕಿಯೂ ಆಗಿದ್ದಾಳೆ. ಆದರೂ ಆ ಪ್ರಶ್ನೆ ನೆನಪಾದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಏಕೆಂದರೆ ಅದು ಸಂಶೋಧಕರು ಕೇಳುವಂಥ ಪ್ರಶ್ನೆಯೇ ಆಗಿತ್ತು. ಬ್ರುಸೆಲ್ಲಾ ಎಂಬ ರೋಗಾಣುವಿನಿಂದ ದನಗಳು ಕಂದು ಹಾಕುತ್ತವೆ. ಅದೇ ರೋಗಾಣು ಹಸಿ ಹಾಲಿನಿಂದಲೂ ಕಂದು, ಕಸ ಮುಟ್ಟಿದ ಕೈಯಿಂದಲೂ ಮನುಷ್ಯರಿಗೆ ದಾಟುತ್ತದೆ. ಸಂತ ಪೌಲರು ಹಡಗು ಒಡೆದು ದಡ ಸೇರಿದ ಮಾಲ್ಟಾ ದ್ವೀಪದಲ್ಲಿ ಈ ಜ್ವರ ಬಹುಕಾಲ ಜನರನ್ನು ಕಾಡಿತ್ತು. ಮೇಕೆಯ ಹಾಲೇ ಅದರ ಮೂಲವೆಂದು 1905ರಲ್ಲಿ ಕಂಡುಕೊಂಡವರು ಅಲ್ಲಿಯವರೇ ಆದ ವೈದ್ಯ ಥೆಮಿಸ್ಟೊಕ್ಲಿಸ್ ಜಾಮಿತ್. ನಮ್ಮ ಹುಡುಗಿಯ ಕಣ್ಣೂ ಸರಿಯಾದ ಕಡೆಗೇ ಹೋಗಿತ್ತು. ದಾರಿ ತೋರಬೇಕಾದ ಹಿರಿಯನಿಗೆ ದಾರಿ ಗೊತ್ತಿರಲಿಲ್ಲ.

ದಾರಿಯಾದರೂ ದೂರವಿರಲಿಲ್ಲ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವಿರುವುದು ಬೀದರಿನಲ್ಲೇ. ದೇವಣಿ ತಳಿಗೆಂದೇ ಅದರ ಸಂಶೋಧನಾ ಕೇಂದ್ರ ಭಾಲ್ಕಿ ತಾಲ್ಲೂಕಿನ ಕಟ್ಟಿ ತೂಗಾಂವದಲ್ಲಿದೆ. ಇನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇತರ ಎರಡು ಅಕಾಡೆಮಿಗಳೊಡನೆ ಪ್ರತಿವರ್ಷ ಬೇಸಿಗೆ ಫೆಲೋಶಿಪ್ ನೀಡುತ್ತದೆ. ಆಯ್ಕೆಯಾದ ವಿದ್ಯಾರ್ಥಿ ಸುಮಾರು ಎರಡು ತಿಂಗಳು ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿ ಕೆಲಸ ಮಾಡಬಹುದು, ಭತ್ಯೆಯೂ ಉಂಟು. ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲಿಯೂ ಇಂಥದೇ ಏರ್ಪಾಡಿದೆ. ಅರ್ಜಿಗೆ ಬೇಕಾದದ್ದು ಅಂಕಪಟ್ಟಿ, ತಾನು ಏನನ್ನು ತಿಳಿಯಬಯಸುತ್ತೇನೆಂಬ ಚಿಕ್ಕ ಬರಹ, ಅಧ್ಯಾಪಕರ ಶಿಫಾರಸು. ಆ ಚಿಕ್ಕ ಬರಹದಲ್ಲೇ ನಮ್ಮ ಮಕ್ಕಳು ಮುಗ್ಗರಿಸುವುದು. ನೀನು ಏನನ್ನು ತಿಳಿಯಬಯಸುತ್ತೀಯೆ ಎಂದು ಅವರನ್ನು ಯಾರೂ ಎಂದೂ ಕೇಳಿರುವುದಿಲ್ಲ. ಇಂಗ್ಲಿಷಿನ ಹೆದರಿಕೆ ಬೇರೆ.

ಸಂವಿಧಾನದ 371 ಜೆ ವಿಧಿಯಿಂದ ನಮ್ಮ ಭಾಗದ ಮಕ್ಕಳಿಗೆ ವೃತ್ತಿಶಿಕ್ಷಣದ ಸೀಟುಗಳು ದೊರೆಯುತ್ತಿವೆ, ಸಂತೋಷ. ಆದರೆ ಪ್ರಯೋಗಾಲಯದ ಬಾಗಿಲು ಮೀಸಲಾತಿಯೊಂದರಿಂದಲೇ ತೆರೆಯುವಂಥದಲ್ಲ. ಅಲ್ಲಿಗೆ ಕೈಹಿಡಿದು ಕರೆದೊಯ್ಯುವವರು ಬೇಕು. ಅದರಲ್ಲೂ ದಲಿತ ಕ್ರೈಸ್ತ ಕುಟುಂಬಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರೇ ಹೆಚ್ಚು. ಅವರು ಮನೆಯಲ್ಲಿ ಯಾರನ್ನು ಕೇಳಬೇಕು?

ಅನುವಂಶೀಯತೆಯ ನಿಯಮಗಳನ್ನು ಕಂಡ ಗ್ರೆಗರ್ ಮೆಂಡೆಲರ ಹೆಸರನ್ನು ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ. ಅವರು ಬಡ ರೈತನ ಮಗ. ಓದು ನಿಲ್ಲುವ ಹೊತ್ತಿಗೆ ತಂಗಿ ತೆರೇಸಿಯಾ ತನ್ನ ವರದಕ್ಷಿಣೆಯ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟಳು. ಭೌತಶಾಸ್ತ್ರದ ಅಧ್ಯಾಪಕರ ಶಿಫಾರಸಿನಿಂದ 1843ರಲ್ಲಿ ಬರ್ನೋದ ಅಗಸ್ಟೀನಿಯನ್ ಮಠ ಸೇರಿದರು. 1850ರಲ್ಲಿ ಶಿಕ್ಷಕರ ಪರೀಕ್ಷೆಯಲ್ಲಿ ಅನುತ್ತೀರ್ಣರೂ ಆದರು. ಮಠಾಧಿಪತಿ ಸಿರಿಲ್ ನಾಪ್ ಅವರನ್ನು ಗದರಿಸಿ ಕೂರಿಸಲಿಲ್ಲ, ಮರುವರ್ಷ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಬಟಾಣಿ ಗಿಡಗಳ ಪ್ರಯೋಗ ಆರಂಭವಾದದ್ದು ಅದರ ನಂತರ, 1856ರಲ್ಲಿ. ಮುಂದೆ ಮೆಂಡೆಲರು ತಂಗಿಯ ಮಕ್ಕಳ ಓದಿಗೆ ನೆರವಾದರು. ಅವರಲ್ಲಿ ಇಬ್ಬರು ವೈದ್ಯರಾದರು. ಪಠ್ಯಪುಸ್ತಕದಲ್ಲಿ ಬಟಾಣಿಯಿದೆ, ತಂಗಿ ಇಲ್ಲ.

ನಮ್ಮ ನೆಲದಲ್ಲೂ ಅಂಥ ಹಿರಿಯರಿದ್ದರು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರನ್ನು ಇಲ್ಲಿ ಎಲ್ಲ ಧರ್ಮದವರೂ ನೆನೆಯುತ್ತಾರೆ.

ತಂದೆತಾಯಿಗಳ ಆತಂಕ ನನಗೆ ಅರ್ಥವಾಗುತ್ತದೆ. ಡಿಗ್ರಿಯ ನಂತರ ಎರಡು ವರ್ಷ ಎಂ.ಎಸ್ಸಿ., ಮೇಲೆ ಐದಾರು ವರ್ಷ ಪಿಎಚ್.ಡಿ.; ಅಷ್ಟರಲ್ಲಿ ನರ್ಸಿಂಗ್ ಓದಿದ ನೆರೆಮನೆಯ ಹುಡುಗಿ ಸಂಬಳ ಕಳುಹಿಸುತ್ತಿರುತ್ತಾಳೆ. ನರ್ಸಿಂಗ್ ಪವಿತ್ರವಾದ ಸೇವೆ, ಅದನ್ನು ನಾನು ಕಡಿಮೆಯೆನ್ನುವುದಿಲ್ಲ. ಆದರೆ ಸಂಶೋಧನೆಯೆಂದರೆ ಉಪವಾಸವೆಂಬ ತಿಳಿವಳಿಕೆ ಹಳೆಯದು. ಎಂ.ಎಸ್ಸಿ. ನಂತರ ನೆಟ್ ಪರೀಕ್ಷೆಯಲ್ಲಿ ಜೂನಿಯರ್ ಫೆಲೋಶಿಪ್ ಪಡೆದು ಪಿಎಚ್.ಡಿ. ಸೇರಿದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಎಲ್ಲರಿಗೂ ಅದು ಸಿಗದು, ಪರೀಕ್ಷೆ ಕಠಿಣ. ಎರಡು ಸಲ ಸೋತವರನ್ನು ಮನೆಯಲ್ಲಿ ಹಂಗಿಸದಿದ್ದರೆ ಅದೇ ಅರ್ಧ ನೆರವು.

ಈಗ ಬೀದರಿನಲ್ಲಿ ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕರೊಬ್ಬರು ಭಾನುವಾರದ ಪೂಜೆಯ ನಂತರ ನಾಲ್ವರು ವಿದ್ಯಾರ್ಥಿಗಳೊಡನೆ ಕುಳಿತು ಆ ಚಿಕ್ಕ ಬರಹವನ್ನು ಬರೆಸುತ್ತಿದ್ದಾರೆ. ಬರೆದುಕೊಡುವುದಿಲ್ಲ, ಹರಿದುಹಾಕಿ ಮತ್ತೆ ಬರೆಸುತ್ತಾರೆ. ನಾಲ್ವರಲ್ಲಿ ಒಬ್ಬನನ್ನು ಕಳುಹಿಸಿದವಳು ಔರಾದಿನ ಆ ಶಿಕ್ಷಕಿಯೇ. ಭಾಲ್ಕಿಯ ಹುಡುಗಿಯ ತಾಯಿ ಮಾತ್ರ ಇನ್ನೂ ಒಪ್ಪಿಲ್ಲ. “ಎರಡು ತಿಂಗಳು ಅಕಿ ಒಬ್ಬಾಕಿನೇ ಬೆಂಗಳೂರಾಗ ಹ್ಯಾಂಗ ಇರ್ತಾಳ್ರಿ, ಫಾದರ್?” ಎನ್ನುತ್ತಾರೆ. ಅಲ್ಲಿನ ಕನ್ಯಾಮಠವೊಂದರ ಹಾಸ್ಟೆಲಿಗೆ ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ. ಜಕ್ಕೂರು, ಯಲಹಂಕದ ಕಡೆ ಬಂಧುಗಳಿರುವ ನಮ್ಮ ಕುಟುಂಬಗಳು ದಯವಿಟ್ಟು ಗುರುಗಳ ನಿವಾಸಕ್ಕೆ ಬಂದು ತಿಳಿಸಬೇಕಾಗಿ ವಿನಂತಿ.