ಶಿಲುಬೆಯ ನೆರಳಿನಲ್ಲಿ ಆನಂದ

ಕಷ್ಟ ಬಂದಾಗ ದೇವರನ್ನು ನೆನೆಯುವುದು ಎಲ್ಲ ಧರ್ಮಗಳಲ್ಲಿಯೂ ಕಾಣುವ ಸಂಗತಿ. ಆದರೆ ಕಷ್ಟವಿನ್ನೂ ತೀರದಿರುವಾಗಲೇ, ಅದರ ನಡುವೆಯೇ ಆನಂದವುಂಟು ಎಂಬ ಮಾತು ಕೇಳಿದವರಿಗೆ ವಿಚಿತ್ರವೆನಿಸುತ್ತದೆ. ಕ್ರೈಸ್ತ ಧರ್ಮ ಈ ಮಾತನ್ನು ಒತ್ತಿ ಹೇಳುತ್ತದೆ. ಇದು ನೊಂದವರನ್ನು ಸುಮ್ಮನಿರಿಸುವ ಉಪಾಯವೇ? ಅಥವಾ ಬಾಳಿಗೆ ಒದಗುವ ಸತ್ವವೇನಾದರೂ ಇದರಲ್ಲಿ ಉಂಟೇ? ಬೆಂಗಳೂರು ದಂಡಿನ ಒಂದು ಹಬ್ಬವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರ ಮಾಡಬಹುದೆಂದು ನನಗೆ ತೋರುತ್ತದೆ.

ಶಿವಾಜಿನಗರದ ಸಂತ ಮೇರಿಯವರ ದೇವಾಲಯವನ್ನು ಅರಿಯದ ಬೆಂಗಳೂರಿಗರು ವಿರಳ. ಗಾಥಿಕ್ ಶೈಲಿಯ ಈಗಿನ ಕಟ್ಟಡದ ಕೆಲಸ 1875ರಲ್ಲಿ ಆರಂಭವಾಗಿ, 1882ರ ಸೆಪ್ಟೆಂಬರ್ 8ರಂದು ಅದರ ಪ್ರತಿಷ್ಠೆ ನೆರವೇರಿತು. 1973ರಲ್ಲಿ ಅದಕ್ಕೆ ಬಸಿಲಿಕಾ ಎಂಬ ಗೌರವ ದೊರೆಯಿತು. ಪ್ರತಿವರ್ಷ ಆಗಸ್ಟ್ 29ರಂದು ಅಲ್ಲಿ ಧ್ವಜವೇರುತ್ತದೆ. ಒಂಬತ್ತು ದಿನಗಳ ನೊವೇನಾ ಪ್ರಾರ್ಥನೆ ಮುಗಿದು, ಮಾತೆ ಮರಿಯಮ್ಮನವರ ಜನ್ಮೋತ್ಸವವಾದ ಸೆಪ್ಟೆಂಬರ್ 8ರಂದು ತೇರು ಹೊರಡುತ್ತದೆ. ಸೀರೆಯುಟ್ಟ ಆ ತಾಯಿಯ ಮುಂದೆ ಕನ್ನಡ, ತಮಿಳು, ಇಂಗ್ಲಿಷ್ ಭಾಷೆಗಳಲ್ಲಿ ಪೂಜೆ ನಡೆಯುತ್ತದೆ. ಕಾವಿಯುಟ್ಟು ಬರಿಗಾಲಿನಲ್ಲಿ ನಡೆದುಬರುವ ಹರಕೆಯವರುಂಟು. ಅನ್ಯಮತದವರೂ ಆ ಸಂದಣಿಯಲ್ಲಿ ಬೆರೆತಿರುತ್ತಾರೆ. ಮೇಣದ ಬತ್ತಿ ಹಿಡಿದು ನಿಂತವರ ಮುಖಗಳನ್ನು ನಾನು ನೋಡಿದ್ದೇನೆ. ಹಬ್ಬದ ಉಡುಗೆಯ ಹಿಂದೆ ಒಬ್ಬೊಬ್ಬರದೂ ಒಂದೊಂದು ಅಳಲು.

ಈ ಭಕ್ತಿಯ ಒಂದು ಬೇರು 1898ರ ಪ್ಲೇಗಿನ ನೆನಪಿನಲ್ಲಿದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿ ಎರಡು ವರ್ಷಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಜನರು ಮನೆಮಾರು ತೊರೆದು ಓಡಿದರು. ರೋಗಿಗಳನ್ನು ಮನೆಯವರಿಂದ ಬೇರ್ಪಡಿಸಿ ಶಿಬಿರಗಳಿಗೆ ಒಯ್ದರು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂದು ಫ್ರೆಂಚ್ ವೈದ್ಯ ಸಿಮೊಂ ಕಂಡುಕೊಂಡದ್ದು ಅದೇ 1898ರಲ್ಲಿ. ಲೋಕ ಅದನ್ನು ಒಪ್ಪಲು ಇನ್ನೂ ಕೆಲವು ವರ್ಷಗಳು ಬೇಕಾದವು. ಕಾರಣ ತಿಳಿಯದ ಆ ಭೀತಿಯಲ್ಲಿ ಕೆಲವರು ಪ್ಲೇಗಿನ ಮಾರಮ್ಮನಿಗೆ ಗುಡಿ ಕಟ್ಟಿದರು. ದಂಡಿನ ಕ್ರೈಸ್ತರು ಮರಿಯಮ್ಮನವರ ಮೊರೆಹೊಕ್ಕರು. ಆರೋಗ್ಯಮಾತೆಯೆಂಬ ಹೆಸರಿಗೆ ಆ ದಿನಗಳು ಹೊಸ ಅರ್ಥ ತಂದವು.

ಆದರೆ ಮೊರೆಹೊಕ್ಕವರೆಲ್ಲರೂ ಉಳಿಯಲಿಲ್ಲ. ಸಾವಾದ ಮನೆಗಳಲ್ಲಿಯೂ ಪ್ರಾರ್ಥನೆ ಇದ್ದೇ ಇದ್ದಿತು. ಹಾಗಿದ್ದರೂ ಕಳೆದುಕೊಂಡವರು ಮತ್ತೆ ಅದೇ ಬಾಗಿಲಿಗೆ ಬಂದದ್ದೇಕೆ? ಕಥೋಲಿಕರ ಪಂಚಾಂಗದಲ್ಲಿಯೇ ಇದಕ್ಕೊಂದು ಸೂಚನೆ ಇದೆ. ಸೆಪ್ಟೆಂಬರ್ 8 ತಾಯಿಯ ಜನ್ಮೋತ್ಸವ. 14 ಪವಿತ್ರ ಶಿಲುಬೆಯ ಹಬ್ಬ. ಮರುದಿನ, 15ರಂದು, ವ್ಯಾಕುಲಮಾತೆಯ ಸ್ಮರಣೆ. ಶಿಲುಬೆಯ ಬುಡದಲ್ಲಿ ನಿಂತು ಮಗನ ಮರಣವನ್ನು ಕಣ್ಣಾರೆ ಕಂಡವಳೇ ವ್ಯಾಕುಲಮಾತೆ. ತೇರಿನಲ್ಲಿ ಮೆರೆದವಳೂ ಅವಳೇ. ಮಗುವನ್ನು ಮಣ್ಣಿಗಿಟ್ಟು ಬಂದ ತಾಯಿಗೆ ಇಂಥವಳ ಮುಂದೆ ಏನನ್ನೂ ವಿವರಿಸಬೇಕಾಗಿಲ್ಲ.

ಕ್ರೈಸ್ತ ಶ್ರದ್ಧೆಯ ತಿರುಳು ಇಲ್ಲಿದೆ. ದೇವರು ನೋವನ್ನು ದೂರದಿಂದ ನೋಡುತ್ತ ಕುಳಿತವನಲ್ಲ, ಅದರೊಳಗೆ ಇಳಿದು ಬಂದವನು ಎಂಬುದು ಅವರ ನಂಬಿಕೆ. ಗೆತ್ಸೆಮನೆಯ ತೋಟದಲ್ಲಿ ಯೇಸುಸ್ವಾಮಿ ತನ್ನ ಮುಂದಿದ್ದ ಯಾತನೆ ತಪ್ಪಲೆಂದೇ ಬೇಡಿಕೊಂಡರು. ಅದು ತಪ್ಪಲಿಲ್ಲ. ಶುಕ್ರವಾರದ ಮರಣವನ್ನು ಹಾದುಹೋದ ಮೇಲೆಯೇ ಭಾನುವಾರದ ಪುನರುತ್ಥಾನ. ಆದುದರಿಂದ ಅವರು ಹೇಳುವ ಆನಂದವನ್ನು ಸುಖವೆಂದು ತಿಳಿಯಬಾರದು. ಸುಖ ಪರಿಸ್ಥಿತಿಯನ್ನು ನಂಬಿದ್ದು. ಆನಂದ, ತನ್ನ ಕೈ ಹಿಡಿದವನು ಬಿಡಲಾರನೆಂಬ ಭರವಸೆಯನ್ನು ನಂಬಿದ್ದು. ಸಂತ ಪೌಲರು ಫಿಲಿಪ್ಪಿಯ ಜನರಿಗೆ ಬರೆದ ನಾಲ್ಕು ಅಧ್ಯಾಯಗಳ ಪುಟ್ಟ ಪತ್ರದಲ್ಲಿ ಸಂತೋಷದ ಮಾತು ಮತ್ತೆ ಮತ್ತೆ ಬರುತ್ತದೆ. ಅದನ್ನು ಬರೆದಾಗ ಅವರು ಸೆರೆಯಲ್ಲಿದ್ದರು. ಮುಂದೆ ಬಿಡುಗಡೆಯೋ ಮರಣವೋ ಅವರಿಗೇ ತಿಳಿದಿರಲಿಲ್ಲ. ಅಳುವುದು ಇಲ್ಲಿ ಅಶ್ರದ್ಧೆಯ ಗುರುತಲ್ಲ. ಗೆಳೆಯ ಲಾಜರನ ಸಮಾಧಿಯ ಬಳಿ ಯೇಸುಸ್ವಾಮಿಯೇ ಕಣ್ಣೀರಿಟ್ಟರು.

ಹೀಗೆ ಹೇಳಿದರೆ ಜನರು ವಿಧಿಗೆ ತಲೆಬಾಗಿ ಕೈಕಟ್ಟಿ ಕೂರುವರಲ್ಲವೇ ಎಂಬ ಶಂಕೆ ನ್ಯಾಯವಾದದ್ದು. ಇದಕ್ಕೆ ಉತ್ತರವಾಗಿ ನಾನು ಅಬ್ಬೆ ದುಬುವಾ ಅವರ ಹೆಸರು ಹೇಳುತ್ತೇನೆ. ಫ್ರಾನ್ಸಿನಿಂದ ಬಂದ ಈ ಪಾದ್ರಿಯನ್ನು ನಮ್ಮ ಜನ ದೊಡ್ಡಸ್ವಾಮಿಯವರೆಂದು ಕರೆದರು. ಶಿವಾಜಿನಗರದ ದೇವಾಲಯದ ಮೂಲಕ್ಕೂ ಅವರ ಹೆಸರು ಕೂಡಿಕೊಂಡಿದೆ. 19ನೆಯ ಶತಮಾನದ ಆದಿಯಲ್ಲಿ ಅಲ್ಲಿದ್ದುದು ಒಂದು ಹುಲ್ಲುಮಾಡಿನ ಪ್ರಾರ್ಥನಾಮಂದಿರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರು ಚದುರಿದ್ದ ಕ್ರೈಸ್ತರನ್ನು ಒಂದುಗೂಡಿಸಿದರು. ಅಷ್ಟಕ್ಕೇ ನಿಲ್ಲದೆ ಸಿಡುಬಿನ ವಿರುದ್ಧ ಮೈಸೂರು ಸೀಮೆಯಲ್ಲಿ ದೇವಿ ಹಾಕಿಸುವ ಕೆಲಸಕ್ಕೆ ಮುಂದಾದರು. ಗುಡ್ ಶೆಫರ್ಡ್ ಸಂನ್ಯಾಸಿನಿಯರು 1886ರಲ್ಲಿ ಬೆಂಗಳೂರಿನಲ್ಲಿ ಸಂತ ಮಾರ್ಥಾ ಆಸ್ಪತ್ರೆ ತೆರೆದದ್ದೂ ಇದೇ ಶ್ರದ್ಧೆಯ ಫಲ. ತನ್ನ ನೋವಿನಲ್ಲಿ ದೇವರ ಸಂಗಾತವನ್ನು ಕಂಡವನು ಪರರ ನೋವಿಗೆ ಸಂಗಾತಿಯಾಗಲೇಬೇಕು. ಆ ಹೊಣೆಯಿಲ್ಲದ ಸಹನೆಯನ್ನು ಕ್ರೈಸ್ತ ಸಹನೆಯೆಂದು ಕರೆಯಲಾಗದು.

ಸೆಪ್ಟೆಂಬರ್ 8ರ ರಾತ್ರಿ ತೇರು ನೆಲೆ ಸೇರಿದ ಮೇಲೆ ಜನ ಹಲಸೂರಿಗೆ, ಇಂದಿರಾನಗರಕ್ಕೆ, ಕೆ.ಆರ್. ಪುರಕ್ಕೆ ಮರಳುತ್ತಾರೆ. ಮನೆಯಲ್ಲಿನ ರೋಗ, ಸಾಲ, ಅಗಲಿಕೆಗಳು ಮೊದಲಿದ್ದಲ್ಲಿಯೇ ಕಾದಿರುತ್ತವೆ. ಅವುಗಳನ್ನು ತಾನೊಬ್ಬನೇ ಹೊರಬೇಕೆಂಬ ಭಯ ಮಾತ್ರ ಅಷ್ಟಿಷ್ಟು ಕಡಿಮೆಯಾಗಿರುತ್ತದೆ. ಮರುದಿನ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಲು ಅಷ್ಟು ಬಲ ಸಾಕೆಂದು ಆ ಭಕ್ತರು ಬಲ್ಲರು.