ಮಹಾಕಾಯದ ಕೀಟಗಳು: ಒಂದು ವಿಚಾರ

ಭಾರತದಲ್ಲಿ ನರಿಗಿಂತ ದೊಡ್ಡವಾದ, ಚಿನ್ನವನ್ನು ಅಗೆಯುವ ಇರುವೆಗಳುಂಟೆಂದು ಕ್ರಿ. ಪೂ. ೫ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬರೆದನು. ಮಹಾಭಾರತದ ಸಭಾಪರ್ವದಲ್ಲಿಯೂ ಪಿಪೀಲಿಕ ಸುವರ್ಣದ ಉಲ್ಲೇಖವಿದೆ. ಅಂತಹ ಮಹಾಕೀಟಗಳು ಇಂದಿಗೂ ಎಲ್ಲಿಯಾದರೂ ಅಡಗಿರಬಹುದೆ?

ಸುಮಾರು ೩೦ ಕೋಟಿ ವರ್ಷಗಳ ಹಿಂದಿನ ಮೆಗಾನ್ಯೂರ ಎಂಬ ಕೀಟದ ರೆಕ್ಕೆಗಳ ಹರವು ಸುಮಾರು ೬೫ ಸೆಂಟಿಮೀಟರು. ಆಗ ವಾಯುವಿನಲ್ಲಿ ಆಮ್ಲಜನಕವು ನೂರಕ್ಕೆ ೩೦ರಷ್ಟಿದ್ದಿತೆಂದು ಅಂದಾಜು, ಈಗ ೨೧. ಕೀಟಗಳಿಗೆ ಶ್ವಾಸಕೋಶವಿಲ್ಲ, ಸೂಕ್ಷ್ಮನಾಳಗಳ ಮೂಲಕವೇ ಉಸಿರು ಒಡಲನ್ನು ಸೇರಬೇಕು. ದೇಹವು ಹಿಗ್ಗಿದಷ್ಟೂ ಇದು ದುಸ್ತರ. ಆದಕಾರಣ ನರಿಗಾತ್ರದ ಇರುವೆಯು ಅಸಂಭವವೆಂದೇ ನಾವು ಭಾವಿಸುತ್ತೇವೆ.

ಆದರೆ ಮಿತಿಯೊಳಗಿನ ದೊಡ್ಡ ಕೀಟಗಳು ಇನ್ನೂ ದೊರೆಯುತ್ತಿವೆ. ೨೦೨೫ರಲ್ಲಿ ಆಸ್ಟ್ರೇಲಿಯದ ಮಳೆಕಾಡಿನಿಂದ ೪೦ ಸೆಂಟಿಮೀಟರು ಉದ್ದದ ಕಡ್ಡಿಹುಳುವೊಂದು ಹೊಸ ಪ್ರಭೇದವೆಂದು ವರ್ಣಿತವಾಯಿತು. ಮರಗಳ ತುದಿಯೇ ಅದರ ಮರೆ. ಬಳ್ಳಾರಿ, ಕುರುಗೋಡುಗಳ ಬೋಳುಬಂಡೆಗಳಲ್ಲಾಗಲಿ ಸಿರುಗುಪ್ಪದ ಭತ್ತದ ಗದ್ದೆಗಳಲ್ಲಾಗಲಿ ಅಂತಹ ಮರೆಯಿಲ್ಲ. ಇಲ್ಲಿ ಕಾಣದೆ ಉಳಿದಿರಬಹುದಾದವು ಕಿರುಕೀಟಗಳೇ.

ಕುಡತಿನಿಯ ಬೂದಿದಿಬ್ಬವನ್ನು ಜನರು ಹಿಡಿಂಬಾಸುರನ ಚಿತಾಭಸ್ಮವೆಂದರು. ಅದು ಸುಟ್ಟ ಸಗಣಿಯೆಂದು ೧೯೬೦ರಲ್ಲಿ ಝಾಯ್ನರ್ ಅವರ ಪರೀಕ್ಷೆಯು ತೋರಿಸಿತು. ರಕ್ಕಸನು ಹೋದನು, ನವಶಿಲಾಯುಗದ ದನಗಾಹಿಗಳು ದೊರೆತರು. ಐತಿಹ್ಯವನ್ನು ತಳ್ಳಿಹಾಕದೆ ಪರೀಕ್ಷಿಸುವುದರ ಲಾಭವಿದು.